ಯಂತ್ರ ಬರುವ ಮೊದಲೇ ಹಳ್ಳದ ಲೆಕ್ಕ ಬರೆದಿಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ತುಂಗಾ, ಶರಾವತಿ, ವರದಾ ನದಿಗಳ ಮೇಲ್ದಂಡೆಯ ಊರುಗಳಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ವಿಷಯದ ಹಲವು ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ಅಮೆರಿಕದಲ್ಲಿ ಒಂದು ನದಿಯ ಜಲಾನಯನದ ಜನ ಅನಿಲ ಬಾವಿ ಕೊರೆಯುವುದನ್ನು ನಿಲ್ಲಿಸಿದರು ಎಂದು ಓದಿದೆ. ನಮ್ಮ ಮಲೆನಾಡಿನಲ್ಲಿ ಅನಿಲವೇ ಇಲ್ಲ. ಅವರಿಂದ ನಮಗೆ ಕಲಿಯುವುದೇನಾದರೂ ಇದೆಯೇ? (ತೀರ್ಥಹಳ್ಳಿ)

ಇದೆ. ನೀವು ಓದಿದ್ದು ಡೆಲವೇರ್ ನದಿಯ ವಿಷಯ. ಆ ನದಿಗೆ ನಾಲ್ಕು ರಾಜ್ಯಗಳೂ ಕೇಂದ್ರ ಸರ್ಕಾರವೂ ಸೇರಿದ ಒಂದು ಆಯೋಗವಿದೆ. ಅಲ್ಲಿನ ಶೇಲ್ ಎಂಬ ಪದರಪದರದ ಜೇಡಿ ಬಂಡೆಯೊಳಗಿನ ಅನಿಲ ತೆಗೆಯಬೇಕಾದರೆ ಮರಳು, ರಾಸಾಯನಿಕ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಸೀಳಬೇಕು. ಒಂದು ಬಾವಿಗೆ ಕೋಟಿ ಲೀಟರ್ ದಾಟಿ ನೀರು ಹೋಗುವುದುಂಟು. ಮೇಲೆ ವಾಪಸು ಬರುವ ನೀರು ಕಡುಉಪ್ಪು. ಆಯೋಗ 2010ರಿಂದ ಅನುಮತಿ ತಡೆಹಿಡಿದು, 2021ರ ಫೆಬ್ರವರಿ 25ರಂದು ಇಡೀ ಜಲಾನಯನದಲ್ಲಿ ಇದನ್ನು ನಿಷೇಧಿಸಿತು. ಆ ನಾಲ್ಕರಲ್ಲಿ ಒಂದಾದ ನ್ಯೂಯಾರ್ಕ್ ರಾಜ್ಯದಲ್ಲಿ ಡ್ರೈಡನ್, ಮಿಡಲ್‌ಫೀಲ್ಡ್ ಎಂಬ ಎರಡು ಸಣ್ಣ ಊರುಗಳು ತಮ್ಮ ಭೂಬಳಕೆ ನಿಯಮದಲ್ಲೇ ಕೊರೆತಕ್ಕೆ ಜಾಗವಿಲ್ಲವೆಂದು ಬರೆದುಕೊಂಡಿದ್ದವು. 2014ರ ಜೂನ್‌ನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ನಮಗೆ ಹೆಚ್ಚು ಉಪಯೋಗದ ಪಾಠ ಇರುವುದು ಪೆನ್ಸಿಲ್ವೇನಿಯಾದಲ್ಲಿ, ಕೊರೆತ ನಿಲ್ಲದೆ ನಡೆದ ಕಡೆ. ಅಲ್ಲಿನ 2012ರ ಕಾಯ್ದೆಯ ಪ್ರಕಾರ ಬಾವಿಯಿಂದ 2,500 ಅಡಿಯೊಳಗಿನ ನೀರು 12 ತಿಂಗಳೊಳಗೆ ಕೆಟ್ಟರೆ ಮೊದಲ ಹೊಣೆ ಕಂಪನಿಯದು. ಆದರೆ ‘ಕೊರೆಯುವ ಮುಂಚೆಯೇ ನೀರು ಕೆಟ್ಟಿತ್ತು’ ಎಂಬ ಪರೀಕ್ಷಾ ವರದಿ ಕಂಪನಿಯ ಕೈಯಲ್ಲಿದ್ದರೆ ಆ ಹೊಣೆ ಕಳಚಿಹೋಗುತ್ತದೆ. ಮೊದಲಿನ ಅಳತೆ ಯಾರ ಕೈಯಲ್ಲಿದೆಯೋ ಅವರ ಮಾತು ನಿಲ್ಲುತ್ತದೆ.

ಮಲೆನಾಡಿನ ನೆಲ ಗ್ರಾನೈಟ್, ನೈಸ್, ಧಾರವಾಡ ಶಿಸ್ಟ್‌ನಂಥ ಹಳೆಯ ಗಟ್ಟಿ ಶಿಲೆ. ಇದರಲ್ಲಿ ಅನಿಲ ಹುಡುಕಿ ಯಾರೂ ಬರುವುದಿಲ್ಲ. ಆ ಆತಂಕ ಇದ್ದದ್ದು ಕೆಳಗಿನ ಕಾವೇರಿ ಮುಖಜ ಭೂಮಿಗೆ. ಅಲ್ಲಿನ ರೈತರ ಹೋರಾಟದ ಬೆನ್ನಿಗೆ 2020ರಲ್ಲಿ ತಮಿಳುನಾಡು ಆ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯ್ದೆ ಮಾಡಿತು. ನಮ್ಮಲ್ಲಿಗೆ ಬರುವುದು ಗಣಿ, ಸುರಂಗ, ಪೈಪ್‌ಲೈನ್. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪ್ರಸ್ತಾಪ ನಿಮಗೆ ಗೊತ್ತೇ ಇದೆ. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತಲ್ಲ, ಅಲ್ಲಿಯೂ ಭದ್ರೆಗೆ ಸೇರುವ ಹೂಳು ಎಷ್ಟು ಎಂಬುದು ವಾದದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು.

ಹಾಗಾದರೆ ನಮ್ಮೂರ ಹಳ್ಳವನ್ನು ನಾವೇ ಅಳೆಯುವುದು ಹೇಗೆ? ಸಾಮಾನ್ಯ ಜನ ಬರೆದದ್ದನ್ನು ಯಾರಾದರೂ ಒಪ್ಪುತ್ತಾರೆಯೇ? (ಹೊಸನಗರ)

ಕ್ರಮವಾಗಿ ಬರೆದಿದ್ದರೆ ಒಪ್ಪಲೇಬೇಕಾಗುತ್ತದೆ. ಮೊದಲು ಜಾಗ ಗೊತ್ತುಮಾಡಿ. ಯೋಜನೆಯ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಮೂರನೆಯದು ಯೋಜನೆಗೆ ಸಂಬಂಧವೇ ಇಲ್ಲದ ಪಕ್ಕದ ಹಳ್ಳ. ಎಲ್ಲರೂ ಮರೆಯುವುದು ಈ ಮೂರನೆಯದನ್ನು. ಮುಂದೆ ನೀರು ಕೆಂಪಾದಾಗ ‘ಈ ವರ್ಷ ಮಳೆ ಜೋರು, ಎಲ್ಲ ಹಳ್ಳವೂ ಹೀಗೇ’ ಎನ್ನುತ್ತಾರೆ. ಪಕ್ಕದ ಹಳ್ಳ ಅದೇ ದಿನ ತಿಳಿಯಾಗಿತ್ತು ಎಂಬ ಬರಹವೊಂದೇ ಅದಕ್ಕೆ ಉತ್ತರ.

ಅಳೆಯಬೇಕಾದ್ದು ಮೂರು. ಮೊದಲನೆಯದು ನೀರಿನ ಹರಿವು, ಇದಕ್ಕೆ ಯಂತ್ರ ಬೇಡ. ನೇರವಾಗಿ ಹರಿಯುವ 10 ಮೀಟರ್ ಉದ್ದದ ಜಾಗ ಆರಿಸಿ, ಎರಡೂ ತುದಿಗೆ ಅಡ್ಡಲಾಗಿ ಹಗ್ಗ ಕಟ್ಟಿ. ಮೇಲಿನ ಹಗ್ಗಕ್ಕಿಂತ ಎರಡು ಮೀಟರ್ ಹಿಂದೆ ಒಂದು ಕಿತ್ತಳೆ ಹಣ್ಣು ಬಿಡಿ. ಹಗ್ಗದಿಂದ ಹಗ್ಗಕ್ಕೆ ಎಷ್ಟು ಸೆಕೆಂಡ್ ಎಂದು ಐದು ಸಲ ನೋಡಿ ಸರಾಸರಿ ತೆಗೆಯಿರಿ. ಒಣ ಎಲೆ, ಅಡಿಕೆ ಹಾಳೆಯ ಚೂರು ಬೇಡ, ಅವನ್ನು ಗಾಳಿ ತಳ್ಳುತ್ತದೆ. ಕಿತ್ತಳೆ ಮುಕ್ಕಾಲು ಭಾಗ ಮುಳುಗಿ ನೀರಿನ ಜೊತೆಗೇ ಸಾಗುತ್ತದೆ. ಹಣ್ಣು ದಡಕ್ಕೆ ತಾಗಿ ನಿಂತರೆ ಆ ಸಲದ ಲೆಕ್ಕ ಬಿಟ್ಟುಬಿಡಿ. ಅಗಲವನ್ನು ಟೇಪಿನಲ್ಲಿ, ಆಳವನ್ನು ಕೋಲಿನಲ್ಲಿ ಐದಾರು ಕಡೆ ನೋಡಿ. ಅಗಲ 1.5 ಮೀಟರ್, ಸರಾಸರಿ ಆಳ 0.2 ಮೀಟರ್, ಹಣ್ಣು 10 ಮೀಟರ್ ಸಾಗಲು 25 ಸೆಕೆಂಡ್ ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.4 ಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಆದ್ದರಿಂದ 0.8ರಿಂದ ಗುಣಿಸಿ: 0.32. ಇದನ್ನು ಅಗಲ, ಆಳಗಳಿಂದ ಗುಣಿಸಿದರೆ 0.096 ಘನ ಮೀಟರ್, ಅಂದರೆ ಸೆಕೆಂಡಿಗೆ 96 ಲೀಟರ್. ಒರತೆ ಅಥವಾ ಅಬ್ಬಿ ನೀರಾದರೆ ಇನ್ನೂ ಸುಲಭ. 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಎಂದು ಬರೆದರೆ ಸಾಕು. ಜುಲೈ, ಆಗಸ್ಟಿನಲ್ಲಿ ಹಳ್ಳ ತುಂಬಿ ಹರಿಯುವಾಗ ನೀರಿಗೆ ಇಳಿಯಲೇಬೇಡಿ. ಸಂಕದ (ಕಾಲುಸೇತುವೆಯ) ಕಂಬಕ್ಕೋ ದೊಡ್ಡ ಬಂಡೆಗೋ ಬೇಸಿಗೆಯಲ್ಲೇ ಬಣ್ಣದಿಂದ ಸೆಂಟಿಮೀಟರ್ ಗುರುತು ಹಾಕಿಟ್ಟು ದಡದಿಂದಲೇ ಮಟ್ಟ ಓದಿ.

ಎರಡನೆಯದು ವಿದ್ಯುತ್ ವಾಹಕತೆ, ಜನ ಇಸಿ ಎನ್ನುವುದು. ನೀರಿನಲ್ಲಿ ಲವಣ ಹೆಚ್ಚು ಕರಗಿದಷ್ಟೂ ಇದು ಏರುತ್ತದೆ. ಪೆನ್ನಿನಂಥ ಮೀಟರ್ ಸಿಗುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಪ್ರಮಾಣ) ಮಾತ್ರ ತೋರಿಸುವುದನ್ನು ಕೊಳ್ಳಬೇಡಿ. ಅದು ಒಳಗೆ ಅಳೆಯುವುದೂ ಇಸಿಯನ್ನೇ, ಆಮೇಲೆ ಕೆಲವು ಕಂಪನಿಯವರದು 0.5ರಿಂದ, ಕೆಲವರದು 0.7ರಿಂದ ಗುಣಿಸಿ ತೋರಿಸುತ್ತದೆ. ಇಬ್ಬರು ಎರಡು ಮೀಟರ್ ಹಿಡಿದು ಒಂದೇ ನೀರಿಗೆ ಬೇರೆ ಬೇರೆ ಅಂಕಿ ಬರೆದರೆ ನಿಮ್ಮ ಪುಸ್ತಕದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. 1,413 ಮೈಕ್ರೋಸೀಮೆನ್ಸ್‌ನ ಪ್ರಮಾಣಿತ ದ್ರಾವಣದಲ್ಲಿ ತಿಂಗಳಿಗೊಮ್ಮೆ ಸರಿಹೊಂದಿಸಿ, ಆ ದಿನಾಂಕವನ್ನೂ ಬರೆಯಿರಿ. ನಮ್ಮ ಕಾಡುಹಳ್ಳಗಳ ನೀರು ಬಹಳ ಮೆದು, ಇಸಿ ಸಾಮಾನ್ಯವಾಗಿ ನೂರರೊಳಗೇ ಇರುತ್ತದೆ. ಹಾಗಾಗಿ ಸಿಮೆಂಟ್ ನೀರೋ ಗಣಿಯ ಬಸಿನೀರೋ ಸ್ವಲ್ಪ ಸೇರಿದರೂ ಅಂಕಿ ಎದ್ದು ಕಾಣುತ್ತದೆ. ಇದೇ ಮೆದು ನೀರಿನಲ್ಲಿ ನೀರಿನ ಹುಳಿ, ಕ್ಷಾರ ತೋರಿಸುವ ಅಗ್ಗದ ಪಿಎಚ್ ಮೀಟರ್ ನಿಲ್ಲದೆ ಏರಿಳಿಯುತ್ತಿರುತ್ತದೆ. ಅದನ್ನು ನೆಚ್ಚಬೇಡಿ.

ಮೂರನೆಯದು ಕದಡು. ಒಂದು ಮೀಟರಿಗಿಂತ ಉದ್ದದ ಪಾರದರ್ಶಕ ಕೊಳವೆಯ ತಳಕ್ಕೆ ಕಪ್ಪು ಬಿಳುಪಿನ ಬಿಲ್ಲೆ ಅಂಟಿಸಿ. ನೀರು ತುಂಬಿ, ಮೇಲಿಂದ ನೋಡುತ್ತಾ, ಬಿಲ್ಲೆ ಕಾಣುವವರೆಗೆ ನೀರು ಚೆಲ್ಲುತ್ತಾ ಬನ್ನಿ. ಉಳಿದ ನೀರು ಎಷ್ಟು ಸೆಂಟಿಮೀಟರ್ ಎಂಬುದೇ ಲೆಕ್ಕ. ನೆರಳಿನಲ್ಲಿ ನಿಂತು, ಬಣ್ಣದ ಕನ್ನಡಕವಿದ್ದರೆ ತೆಗೆದು ನೋಡಬೇಕು.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ 15 ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆಯಿರಿ. ಮೊದಲ ಮಳೆಗೆ ಹಳ್ಳ ತಾನಾಗಿಯೇ ಕೆಂಪಾಗುತ್ತದೆ, ಪುನರ್ವಸು ಪುಷ್ಯದ ಹೊತ್ತಿಗೆ ಕಾಡಿನ ಹಳ್ಳ ಜೋರು ಮಳೆಯಲ್ಲೂ ಬೇಗ ತಿಳಿಯಾಗುತ್ತದೆ. ಈ ವ್ಯತ್ಯಾಸ ಪುಸ್ತಕದಲ್ಲಿ ಇರಬೇಕು. ಮಳೆ ಅಳೆದು ಬರೆದಿಡುವ ಅಡಿಕೆ ಬೆಳೆಗಾರರು ನಿಮ್ಮೂರಲ್ಲೂ ಇರುತ್ತಾರೆ, ಅವರ ಲೆಕ್ಕವನ್ನು ಪಕ್ಕದ ಕಾಲಂನಲ್ಲಿ ಸೇರಿಸಿ. ಪುಟಸಂಖ್ಯೆ ಇರುವ ಗಟ್ಟಿ ಬೈಂಡಿನ ಪುಸ್ತಕ, ಬಾಲ್‌ಪೆನ್, ಇಬ್ಬರ ಸಹಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ವೈಟ್ನರ್ ಹಚ್ಚಿದ ಒಂದು ಪುಟ ಇಡೀ ಪುಸ್ತಕವನ್ನು ಅನುಮಾನಕ್ಕೆ ದೂಡುತ್ತದೆ.

ವರ್ಷಕ್ಕೆ ಎರಡು ಸಲವಾದರೂ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ವರದಿ ಬೇಕು. ಮಾದರಿ ತೆಗೆಯುವಾಗ ಪಿಡಿಒ ಅಥವಾ ಪಂಚಾಯಿತಿ ಸದಸ್ಯರನ್ನು ಕರೆದು ಮಹಜರು ಬರೆಸಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಮಾತ್ರ ತೊಳೆಯಬಾರದು, ಅದು ಮೊದಲೇ ಶುದ್ಧೀಕರಿಸಿದ್ದು. ಅದನ್ನು ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ.

ನಮ್ಮೂರ ಕಾಡಂಚಿಗೆ ಕೊರೆಯುವ ಯಂತ್ರ ಬಂದು ನಿಂತಿದೆ. ಕೇಳಿದರೆ ‘ಬರೀ ಮಣ್ಣು ಪರೀಕ್ಷೆ’ ಎನ್ನುತ್ತಾರೆ. ಏನು ಮಾಡಬೇಕು? (ಸಾಗರ)

ಯಂತ್ರಕ್ಕೆ ಅಡ್ಡ ಮಲಗುವ ಮೊದಲು ಸರ್ವೆ ನಂಬರ್ ನೋಡಿ. ಜಿಪಿಎಸ್ ಬಿಂದುವನ್ನು ಫೋನಿನಲ್ಲಿ ಗುರುತಿಸಿಕೊಂಡು ಪಹಣಿ, ಗ್ರಾಮನಕ್ಷೆಯ ಜೊತೆ ಹೋಲಿಸಿ. ಖಾಸಗಿ ಹಿಡುವಳಿಯೋ, ಗೋಮಾಳವೋ, ಸೊಪ್ಪಿನಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಮೀಸಲು ಅರಣ್ಯವೋ, ಅಭಯಾರಣ್ಯವೋ ಎಂಬುದರ ಮೇಲೆ ಯಾರ ಅನುಮತಿ ಬೇಕೆಂಬುದು ನಿಂತಿದೆ. ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಶ್ನೆ ಬರುತ್ತದೆ, ಅಭಯಾರಣ್ಯವಾದರೆ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ಶರಾವತಿ ಕಣಿವೆಯ ದೊಡ್ಡ ಭಾಗ ಈಗ ಸಿಂಗಳೀಕ ಅಭಯಾರಣ್ಯ. ಅನುಮತಿ ಪತ್ರದ ನಕಲನ್ನು ವಲಯ ಅರಣ್ಯಾಧಿಕಾರಿಯಿಂದ ಲಿಖಿತವಾಗಿ ಕೇಳಿ, ಅರ್ಜಿಗೆ ಟಪಾಲಿನಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.

ಕೊರೆತದಲ್ಲಿ ಕೆಡುಕಾಗುವುದು ಮೂರು ಕಡೆ. ಬಿಟ್ (ಕೊರೆಯುವ ಮೊನೆ) ತಣಿಸಲು ಬಳಸುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಕೆಸರಿನ ಗುಂಡಿಗೆ ಹಾಳೆ ಹಾಸದಿದ್ದರೆ ಅದು ಹಳ್ಳಕ್ಕೆ ಹರಿದು ಕಲ್ಲಿನ ಸಂದುಗಳನ್ನು ಮುಚ್ಚುತ್ತದೆ. ಮೀನಿನ ಮೊಟ್ಟೆ, ಕಲ್ಲಿಗಂಟಿದ ಮರಿಹುಳುಗಳು ಉಸಿರುಗಟ್ಟಿ ಸಾಯುತ್ತವೆ. ಎರಡನೆಯದು ಯಂತ್ರ ಸಾಗಿಸಲು ಕಡಿದ ದಾರಿ. ಗುಡ್ಡ ಜರಿಯುವುದು ಹೆಚ್ಚಾಗಿ ಇಲ್ಲಿಂದಲೇ, ತೂತಿನಿಂದಲ್ಲ. ಕೊನೆಯದು ಕೆಲಸ ಮುಗಿದ ಮೇಲೆ ಸಿಮೆಂಟ್ ಗ್ರೌಟ್ ತುಂಬದೆ ಬಿಟ್ಟ ರಂಧ್ರ. ಮೇಲಿನ ಕೊಳೆ ಅದರಲ್ಲಿ ನೇರ ಅಂತರ್ಜಲಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಒರತೆಯ ನೀರು ದಾರಿ ಬದಲಿಸುತ್ತದೆ. ಪ್ರತಿ ರಂಧ್ರವನ್ನೂ ಮುಚ್ಚಿದ ದಿನಾಂಕ ಮತ್ತು ಫೋಟೊ ಕೇಳಿ. ಕೊರೆಯುವಷ್ಟು ದಿನ ಸುತ್ತಲ ಒರತೆಗಳನ್ನು ಬೆಳಿಗ್ಗೆ ಸಂಜೆ ಬಕೆಟ್ ಹಿಡಿದು ಅಳೆಯಿರಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ‘ಮಾಹಿತಿ ವಿಸ್ತಾರವಾಗಿದೆ, ನಿರ್ದಿಷ್ಟವಾಗಿ ಕೇಳಿ’ ಎಂದು ಹಿಂಬರಹ ಬಂದಿದೆ. (ಶೃಂಗೇರಿ)

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಶುಲ್ಕ 10 ರೂಪಾಯಿ. ‘ಯೋಜನೆಯ ಸಂಪೂರ್ಣ ಮಾಹಿತಿ’ ಎಂದು ಕೇಳಬೇಡಿ. ‘ಇಂಥ ಕಡತದ ಟಿಪ್ಪಣಿ ಹಾಳೆ’, ‘ಇಂಥ ದಿನಾಂಕದ ಸ್ಥಳ ಪರಿಶೀಲನಾ ವರದಿ’ ಎಂದು ಮೂರ್ನಾಲ್ಕು ಅರ್ಜಿಯಾಗಿ ಒಡೆಯಿರಿ. ಕಡತದ ಹೆಸರು ಗೊತ್ತಿಲ್ಲವಾದರೆ ಕಡತ ಪರಿಶೀಲನೆಗೆ ಅವಕಾಶ ಕೇಳಿ, ಹೋಗಿ ನೋಡಿ, ಬೇಕಾದ ಪುಟಕ್ಕೆ ಮಾತ್ರ ನಕಲು ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಸಾರ್ವಜನಿಕ ಅಹವಾಲು ಸಭೆಯ ಪ್ರಕಟಣೆ ಬಂದಿದೆ. ಮಾತಾಡಲು ಐದು ನಿಮಿಷ ಸಿಗಬಹುದು. ಹೇಗೆ ಸಿದ್ಧವಾಗುವುದು? ಅನುಮತಿ ಸಿಕ್ಕೇಬಿಟ್ಟರೆ ಮುಂದೇನು? (ಕೊಪ್ಪ)

ಮೊದಲು ಪ್ರಕಟಣೆಯ ದಿನಾಂಕ ಎಣಿಸಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಜನರಿಗೆ ಕನಿಷ್ಠ 30 ದಿನ ಸಿಗಬೇಕು, ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟವಾಗಿರಬೇಕು. ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ಅಧಿಕಾರಿಯದು. ಯೋಜನೆಯ ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲೂ ಇರಬೇಕು. ಸಿಗದಿದ್ದರೆ ಅಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ಕೋರಂ ಇಲ್ಲ. ಬಹಿಷ್ಕಾರ ಹಾಕಿ ಮನೆಯಲ್ಲಿ ಕುಳಿತರೆ ಸಭೆ ರದ್ದಾಗುವುದಿಲ್ಲ, ‘ಆಕ್ಷೇಪ ಬಂದಿಲ್ಲ’ ಎಂದು ದಾಖಲಾಗುತ್ತದೆ.

ವರದಿಯಲ್ಲಿ ಹುಡುಕಬೇಕಾದ್ದು: ನೀರಿನ ಮಾದರಿ ತೆಗೆದ ತಿಂಗಳು, ಜಾಗ. ನದಿ ಕಣಿವೆ ಯೋಜನೆಗೆ ಬೇರೆ ಬೇರೆ ಋತುವಿನ ಅಳತೆ ಬೇಕು. ದತ್ತಾಂಶ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸುರಂಗದಿಂದ ಬರುವ ಕಲ್ಲುಮಣ್ಣು ಎಷ್ಟು ಘನ ಮೀಟರ್, ಎಲ್ಲಿ ಸುರಿಯುತ್ತಾರೆ, ಆ ಜಾಗ ಹಳ್ಳದಿಂದ ಎಷ್ಟು ದೂರ? ಸಸ್ಯ, ಪ್ರಾಣಿಗಳ ಪಟ್ಟಿಯನ್ನು ನಿಮ್ಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯ ಜೊತೆ ಹೋಲಿಸಿ. ಬೇರೆಡೆಯ ವರದಿಯಿಂದ ನಕಲು ಮಾಡಿದ್ದು ಇಲ್ಲೇ ಸಿಕ್ಕಿಬೀಳುವುದು.

ಹತ್ತು ಜನ ಒಂದೇ ಮಾತು ಹೇಳುವ ಬದಲು ಹಂಚಿಕೊಳ್ಳಿ: ಒಬ್ಬರು ಒರತೆ, ಒಬ್ಬರು ದಾರಿ ಮತ್ತು ಗುಡ್ಡ ಜರಿತ, ಒಬ್ಬರು ಕುಡಿಯುವ ನೀರು. ‘ವರದಿಯ ಇಂಥ ಪುಟದಲ್ಲಿ ಹೀಗಿದೆ, ನಮ್ಮ ಪುಸ್ತಕದಲ್ಲಿ ಇಂಥ ದಿನ ಹೀಗಿದೆ’ ಎಂದು ಓದಿ, ಅದೇ ಹಾಳೆಯನ್ನು ಮೇಜಿನ ಮೇಲಿಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ಠರಾವಿನ ದೃಢೀಕೃತ ನಕಲನ್ನೂ ಲಗತ್ತಿಸಿ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಹೊತ್ತಾಯಿತೆಂದು ಎದ್ದು ಹೋಗಬೇಡಿ, ನಿಮ್ಮ ಮಾತು ತಿರುಚಿದ್ದರೆ ತಿದ್ದಿಸಲು ಇರುವುದು ಆ ಗಳಿಗೆ ಮಾತ್ರ.

ಅನುಮತಿ ಸಿಕ್ಕಿದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅದರಾಚೆ ಒಂದು ದಿನವೂ ಇಲ್ಲ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರು ಮೊದಲು ಕೇಳುವುದು ಆ ಸ್ವೀಕೃತಿಗಳನ್ನು ಮತ್ತು ಹಳ್ಳದ ಪುಸ್ತಕವನ್ನು. ಮೇಲ್ಮನವಿ ಹಾಕದಿದ್ದರೂ ಷರತ್ತುಗಳ ಪಾಲನಾ ವರದಿಯನ್ನು ಯೋಜನೆಯವರು ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದನ್ನು ತೆಗೆಸಿಕೊಂಡು ಅವರ ನೀರಿನ ಅಂಕಿಯ ಪಕ್ಕ ಅದೇ ವಾರದ ನಿಮ್ಮ ಅಂಕಿ ಇಟ್ಟು, ವ್ಯತ್ಯಾಸವಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಬರೆಯಿರಿ.