ಗುರುಗಳ ಮಾತು ಒಪ್ಪದಿದ್ದರೆ ಅದು ಅಹಂಕಾರವೇ?

ಧ್ಯಾನ ಕಲಿಸುವ ಗುರುಗಳ ಮಾತು ಕೇಳಿ ಕಸಿವಿಸಿ ಆಗುತ್ತಿದೆ, ಅದು ನನ್ನ ಅಹಂಕಾರವೇ ಅಂತ ಕೇಳಿದ್ದೀರಿ. ಧ್ಯಾನ ನಿಮಗೆ ಒಗ್ಗಿದೆ ಅಂತ ನೀವೇ ಬರೆದಿದ್ದೀರಿ. ಕಸಿವಿಸಿ ಶುರುವಾಗಿದ್ದು ಗುರುಗಳು ಮುಂದಿನ ಹಂತಕ್ಕೆ 40,000 ರೂಪಾಯಿ ಕೇಳಿ, 'ಮನೆಯಲ್ಲಿ ಹೇಳಬೇಡಿ' ಅಂದ ಮೇಲೆ. ಅದನ್ನು ಅಹಂಕಾರ ಅನ್ನುವುದು ಬಾಯಿ ಮುಚ್ಚಿಸುವ ಉಪಾಯ, ನನ್ನ ಮೇಲೂ ನಡೆದಿದೆ.

ಮೊದಲನೆಯದಾಗಿ, ದುಡ್ಡು ಕಟ್ಟಬೇಡಿ. ಮನೆಯವರಿಗೆ ಇವತ್ತೇ ಹೇಳಿ. ಆಮೇಲೆ ಎರಡು ವಾರ ಅಲ್ಲಿಗೆ ಹೋಗದೆ ಮನೆಯಲ್ಲೇ ಧ್ಯಾನಕ್ಕೆ ಕೂತು, ಕಸಿವಿಸಿ ಯಾವಾಗ ಏಳುತ್ತದೆ ಅಂತ ದಿನಾ ಒಂದು ಸಾಲು ಬರೆದಿಡಿ. ಕೂತಾಗಲೂ ಎದ್ದರೆ ಹಳೇ ಭಯ ಇರಬಹುದು. ಅವರ ಫೋನ್ ಬಂದಾಗ ಮಾತ್ರ ಎದ್ದರೆ ಅದು ಒಳಗಿನ ಎಚ್ಚರಿಕೆ, ಅದನ್ನು ನಂಬಿ. ಭಯ, ಎಚ್ಚರಿಕೆ ಎರಡೂ ಹೊಟ್ಟೆಯಲ್ಲೇ ಏಳುತ್ತವಲ್ವಾ, ನಾನೇ ಎಷ್ಟೋ ಸಲ ಗುರುತು ತಪ್ಪಿದ್ದೇನೆ.

ಕಲಿಯುವ ಆಸೆ ಉಳಿದರೆ, ಧ್ಯಾನಗುರು ಎಸ್.ಎನ್. ಗೋಯೆಂಕಾ ಪರಂಪರೆಯ 10 ದಿನದ ವಿಪಸ್ಸನಾ (ಬೌದ್ಧ ಮೂಲದ ಒಂದು ಧ್ಯಾನ ಪದ್ಧತಿ) ಶಿಬಿರಕ್ಕೆ ಶುಲ್ಕವಿಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ತಗೊಳ್ತಾರೆ.