ಹಿಂದೆ ಒಂದು ಫೈರ್ ಇಂಜಿನ್‌ಗೆ ಎಷ್ಟು ಜನ ಬೇಕಿತ್ತು? ನ್ಯೂಯಾರ್ಕ್ ಕಥೆ

ನೀವು ಕೇಳಿದ್ದು ಇಷ್ಟು: ನ್ಯೂಯಾರ್ಕಿನ ಹಳೇ ಚಿತ್ರಗಳಲ್ಲಿ ಒಂದು ಫೈರ್ ಇಂಜಿನ್ ಸುತ್ತ ಮೂವತ್ತು ನಲವತ್ತು ಜನ ಕಾಣುತ್ತಾರೆ, ಈಗ ಗಾಡಿಯಿಂದ ಇಳಿಯೋರು ಐದೇ ಜನ. ಉಳಿದವರೆಲ್ಲ ಎಲ್ಲಿಗೆ ಹೋದರು? ಆ ಹಳೇ ಗಾಡಿಗಳು ಹೇಗೆ ಕೆಲಸ ಮಾಡುತ್ತಿದ್ದವು?

ನಾನು ಅಗ್ನಿಶಾಮಕ ದಳದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಮೂರು ವರ್ಷ ಜರ್ಸಿ ಸಿಟಿಯಲ್ಲಿದ್ದೆ. ಆಗ ಮಗನಿಗೆ ಐದು ವರ್ಷ. ಕೆಂಪು ಗಾಡಿ ಕಂಡರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ನದಿ ದಾಟಿದರೆ ಮ್ಯಾನ್‌ಹಟನ್‌ನ ಸ್ಪ್ರಿಂಗ್ ಸ್ಟ್ರೀಟ್. ಅಲ್ಲಿ 1904ರ ಒಂದು ಹಳೇ ಫೈರ್ ಸ್ಟೇಷನ್ನನ್ನೇ ಫೈರ್ ಮ್ಯೂಸಿಯಂ ಮಾಡಿದ್ದರು. ಅವನ ನೆಪದಲ್ಲಿ ನಾನು ಏಳೆಂಟು ಸಲ ಹೋದೆ. ಕೊನೆಕೊನೆಗೆ ಅವನು ಬೇಜಾರಾಗಿ ಐಸ್‌ಕ್ರೀಮ್ ಕೇಳೋನು, ನಾನು ಗಾಡಿ ಬಿಟ್ಟು ಬರುತ್ತಿರಲಿಲ್ಲ. ಆ ಹುಚ್ಚಿನಲ್ಲಿ ಓದಿ ತಿಳಿದಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿಯೇ ಇರಲಿಲ್ಲ. ಊರು ಇನ್ನೂ ಡಚ್ಚರ ಕೈಯಲ್ಲಿದ್ದಾಗ, 1648ರಲ್ಲಿ, ಗವರ್ನರ್ ಪೀಟರ್ ಸ್ಟೈವೆಸಂಟ್ ನಾಲ್ಕು ಜನರನ್ನು ಮನೆಗಳ ಹೊಗೆಗೂಡು ನೋಡಿ ಬರೋಕೆ ನೇಮಿಸಿದ. ಕಸ ಕಟ್ಟಿದ್ದರೆ ದಂಡ. ಬೆಂಕಿ ಬಿದ್ದರೆ ಚರ್ಮದ ಬಕೆಟ್ಟು, ಸಾಲಾಗಿ ನಿಂತ ಜನ, ಕೈಯಿಂದ ಕೈಗೆ ನೀರು. ಅಷ್ಟೇ.

1731ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ಎರಡು ಕೈಪಂಪುಗಳು ಬಂದವು. ರಿಚರ್ಡ್ ನ್ಯೂಶಮ್ ಎಂಬಾತ ಮಾಡಿದ್ದು. ನೋಡೋಕೆ ಚಕ್ರ ಹಾಕಿದ ಮರದ ಪೆಟ್ಟಿಗೆ. ಎರಡೂ ಪಕ್ಕದಲ್ಲಿ ಉದ್ದನೆಯ ಹಿಡಿ. ಈ ಕಡೆಯವರು ಒತ್ತಿದಾಗ ಆ ಕಡೆ ಮೇಲೆ, ಆ ಕಡೆಯವರು ಒತ್ತಿದಾಗ ಈ ಕಡೆ ಮೇಲೆ. ಏತ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಪೆಟ್ಟಿಗೆಗೆ ನೀರು ತುಂಬೋಕೆ ಮತ್ತೆ ಅದೇ ಬಕೆಟ್ ಸಾಲು. ಗಾಡಿ ಬಂದ ಮೇಲೆ ಅದನ್ನು ನಡೆಸೋಕೆ ಆಳು ಬೇಕಲ್ಲ? 1737ರಲ್ಲಿ ಕಾನೂನು ಮಾಡಿ ಮೂವತ್ತು ಜನರನ್ನು ಆರಿಸಿದರು. ಸಂಬಳವಿಲ್ಲ. ಬದಲಿಗೆ ಜ್ಯೂರಿ ಕೆಲಸದಿಂದಲೂ ಊರಿನ ದಂಡಿನ ಕೆಲಸದಿಂದಲೂ ರಿಯಾಯಿತಿ.

ಮುಂದಿನ ನೂರು ವರ್ಷದಲ್ಲಿ ಪಂಪುಗಳು ದೊಡ್ಡದಾಗುತ್ತಾ ಹೋದವು. ನಿಮ್ಮ ಚಿತ್ರದಲ್ಲಿರೋ ಗುಂಪು ಈ ಕಾಲದ್ದು. ನಿಮಿಷಕ್ಕೆ ಅರವತ್ತು ಸಲ ಹಿಡಿ ಮೇಲೆ ಕೆಳಗೆ ಹೋಗಬೇಕು. ಎಂಥ ಗಟ್ಟಿ ಆಳಾದರೂ ಕೆಲವೇ ನಿಮಿಷಕ್ಕೆ ಸುಸ್ತು. ಅವನು ಬಿಟ್ಟ ಕೂಡಲೇ ಇನ್ನೊಬ್ಬ ಹಿಡಿಯಬೇಕು, ನೀರು ನಿಲ್ಲೋ ಹಾಗಿಲ್ಲ. ಹಾಗಾಗಿ ಹಿಡಿಯ ಹತ್ತಿರ ಇಪ್ಪತ್ತು ಜನ ಇದ್ದರೆ ಹಿಂದೆ ಅಷ್ಟೇ ಜನ ಕಾಯುತ್ತಿರಬೇಕು. ಗಾಡಿ ಎಳೆದು ತರೋರೂ ಇವರೇ. ಮುಂದೆ ಉದ್ದ ಹಗ್ಗ, ಹಗ್ಗಕ್ಕೆ ಎರಡು ಸಾಲು ಜನ, ಥೇಟ್ ನಮ್ಮ ತೇರು ಎಳೆದ ಹಾಗೆ. ಕುದುರೆ ಕಟ್ಟೋದು ಅಂದರೆ ಇವರಿಗೆ ಅವಮಾನ!

ಜಗಳವೂ ತೇರಿನ ಬೀದಿ ಜಗಳದಂತೆಯೇ. ಒಂದೊಂದು ಗಾಡಿಗೂ ಒಂದೊಂದು ಕಂಪನಿ, ಅಂದರೆ ತಂಡ, ಒಂದೊಂದು ಹೆಸರು, ಗಾಡಿಗೆ ಬಣ್ಣ, ಚಿತ್ತಾರ. ಬೆಂಕಿ ದೂರದಲ್ಲಿದ್ದರೆ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ನದಿಯ ಹತ್ತಿರದ್ದು ನೀರೆಳೆದು ಮುಂದಿನ ಗಾಡಿಯ ಪೆಟ್ಟಿಗೆಗೆ ತುಂಬೋದು, ಅದು ಅದರ ಮುಂದಿನದಕ್ಕೆ. ಮುಂದಿನವರು ಸಾಕಷ್ಟು ಜೋರಾಗಿ ಪಂಪ್ ಮಾಡದಿದ್ದರೆ ಅವರ ಪೆಟ್ಟಿಗೆ ತುಂಬಿ ಉಕ್ಕುತ್ತದೆ. ಆಗ ಅವರ ಗಾಡಿ 'ತೊಳೆದುಹೋಯಿತು' ಅಂತ ಊರೆಲ್ಲ ನಗು. ಹಿಂದಿನವರಿಗೆ ಬೆಂಕಿ ಆರಿಸೋದಕ್ಕಿಂತ ಮುಂದಿನ ಗಾಡಿಯನ್ನು ಉಕ್ಕಿಸೋದೇ ಮುಖ್ಯ ಅನ್ನಿಸಿಬಿಡುತ್ತಿತ್ತು. ಹೈಡ್ರಂಟ್, ಅಂದರೆ ಬೆಂಕಿ ಆರಿಸೋಕೆ ಅಂತ ಬೀದಿಯಲ್ಲಿಟ್ಟ ನೀರಿನ ನಲ್ಲಿ, ಬಂದ ಮೇಲಂತೂ ಒಬ್ಬ ಮುಂಚೆ ಓಡಿಹೋಗಿ ಅದರ ಮೇಲೆ ಪೀಪಾಯಿ ಮುಚ್ಚಿ ಕೂತುಬಿಡೋನು, ತನ್ನ ಕಂಪನಿ ಬರೋವರೆಗೂ ಬೇರೆಯವರಿಗೆ ಸಿಗಬಾರದು ಅಂತ. ಅಷ್ಟರಲ್ಲಿ ಮನೆ ಸುಡುತ್ತಲೇ ಇರೋದು.

ಈ ಕಂಪನಿಗಳು ರಾಜಕೀಯದ ಗರಡಿಮನೆಯೂ ಆದವು. ಊರನ್ನೇ ನುಂಗಿ ನೀರು ಕುಡಿದ ವಿಲಿಯಂ ಟ್ವೀಡ್ ಮೊದಲು ಹೆಸರು ಮಾಡಿದ್ದು ಅಮೆರಿಕಸ್ ಇಂಜಿನ್ ಕಂಪನಿ 6ರ ಮುಖಂಡನಾಗಿ. ಅವರ ಗಾಡಿಯ ಮೇಲೆ ಹುಲಿಯ ಚಿತ್ರ. ಅದೇ ಹುಲಿ ಮುಂದೆ ಅವನ ಪಕ್ಷದ ಕೂಟವಾದ ಟ್ಯಾಮನಿ ಹಾಲ್‌ನ ಗುರುತಾಯಿತು.

ಹಾಗಂತ ಇವರನ್ನು ಬರೀ ಪುಂಡರು ಅಂದುಕೊಳ್ಳಬೇಡಿ. 1835ರ ಡಿಸೆಂಬರ್ 16ರ ರಾತ್ರಿ ದೊಡ್ಡ ಬೆಂಕಿ ಬಿತ್ತು. ಚಳಿಗೆ ನದಿಯೇ ಹೆಪ್ಪುಗಟ್ಟಿತ್ತು. ಐಸ್ ಒಡೆದು ನೀರೆಳೆದರೆ ಪೈಪಿನೊಳಗೆ ಮತ್ತೆ ಐಸ್. ಕೊನೆಗೆ ಮದ್ದು ಇಟ್ಟು ಕಟ್ಟಡ ಉರುಳಿಸಿ ಬೆಂಕಿಗೆ ದಾರಿ ಕಟ್ಟಿದರು. ಅಷ್ಟರಲ್ಲಿ ಐನೂರಕ್ಕೂ ಹೆಚ್ಚು ಕಟ್ಟಡ ಹೋಗಿತ್ತು. ಎಷ್ಟೇ ತೋಳಿದ್ದರೂ ನೀರಿಲ್ಲದಿದ್ದರೆ ಏನೂ ಆಗಲ್ಲ ಅಂತ ಊರಿಗೆ ಗೊತ್ತಾಯಿತು. 1842ರಲ್ಲಿ ಕ್ರೋಟನ್ ನದಿಯ ನೀರನ್ನು ಕಾಲುವೆ ಕಟ್ಟಿ ಊರಿಗೆ ತಂದರು.

ಇನ್ನು ಸ್ಟೀಮ್ ಇಂಜಿನ್. 1840ರ ಹೊತ್ತಿಗೇ ಪಾಲ್ ಹಾಡ್ಜ್ ಎಂಬ ಇಂಜಿನಿಯರ್ ನ್ಯೂಯಾರ್ಕಿಗೆ ಒಂದು ಸ್ಟೀಮ್ ಪಂಪು ಮಾಡಿಕೊಟ್ಟಿದ್ದ. ದುಡ್ಡು ಇನ್ಶೂರೆನ್ಸ್ ಕಂಪನಿಗಳದ್ದು. ಸ್ವಯಂಸೇವಕರು ಅದನ್ನು ಮೂಸಿಯೂ ನೋಡಲಿಲ್ಲ. ಗಾಡಿ ತುಂಬಾ ಭಾರ ಅನ್ನೋದು ನಿಜವೇ. ಆದರೆ ಇಪ್ಪತ್ತು ಜನರ ಕೆಲಸವನ್ನು ಒಂದು ಬಾಯ್ಲರ್ ಮಾಡಿದರೆ ತಮಗೇನು ಬೆಲೆ ಅನ್ನೋ ಭಯವೂ ಇತ್ತು ಅಂತ ನನ್ನ ಅನಿಸಿಕೆ. ಕೊನೆಗೆ ಗೆದ್ದಿದ್ದು ಸಿನ್ಸಿನಾಟಿ ನಗರ. 1853ರಲ್ಲಿ ಅಲ್ಲಿ ಸ್ಟೀಮ್ ಇಂಜಿನ್ನೂ ಬಂತು, ಸಂಬಳದ ದಳವೂ ಬಂತು. ಅಲ್ಲಿನ ಮುಖ್ಯಸ್ಥ ಮೈಲ್ಸ್ ಗ್ರೀನ್‌ವುಡ್ ಹೇಳಿದ ಅಂತ ಒಂದು ಮಾತಿದೆ: ಈ ಯಂತ್ರ ಕುಡಿಯಲ್ಲ, ಇಟ್ಟಿಗೆ ಎಸೆಯಲ್ಲ, ಇರೋ ಒಂದೇ ಕೊರತೆ ಅಂದರೆ ಇದಕ್ಕೆ ಓಟು ಹಾಕೋಕೆ ಬರಲ್ಲ.

ನ್ಯೂಯಾರ್ಕ್ ಇನ್ನೂ ಹನ್ನೆರಡು ವರ್ಷ ಎಳೆದಾಡಿತು. 1863ರ ಜುಲೈ 13ರಂದು, ಅಂತರ್ಯುದ್ಧಕ್ಕೆ ಕಡ್ಡಾಯವಾಗಿ ಜನ ಹಿಡಿಯುವ ಚೀಟಿ ಎತ್ತುವಾಗ, ಬ್ಲ್ಯಾಕ್ ಜೋಕ್ ಎಂಬ 33ನೇ ಕಂಪನಿಯವರು ಆ ಕಚೇರಿಗೇ ನುಗ್ಗಿ ಬೆಂಕಿ ಇಟ್ಟರು. ತಮಗೆ ಹಿಂದಿನಿಂದ ಬಂದ ರಿಯಾಯಿತಿ ಈಗ ಯಾಕಿಲ್ಲ ಅಂತ ಸಿಟ್ಟು. ಬೆಂಕಿ ಆರಿಸೋರೇ ಬೆಂಕಿ ಹಚ್ಚಿದರು! ಅದೇ ದಿನ ಇನ್ನುಳಿದ ಕಂಪನಿಗಳವರು ಗಲಭೆಕೋರರ ಮಧ್ಯೆಯೇ ಬೆಂಕಿ ಆರಿಸುತ್ತಿದ್ದರು. ಅವರ ಮುಖ್ಯಸ್ಥ ಜಾನ್ ಡೆಕ್ಕರ್ ಕಪ್ಪು ಮಕ್ಕಳ ಅನಾಥಾಶ್ರಮ ಉಳಿಸೋಕೆ ಗುಂಪಿಗೆ ಎದುರು ನಿಂತ. ಆಶ್ರಮ ಉಳಿಯಲಿಲ್ಲ.

1865ರಲ್ಲಿ ಕಾನೂನು ಬದಲಾಯಿತು. ನಾಲ್ಕು ಸಾವಿರದಷ್ಟು ಸ್ವಯಂಸೇವಕರ ಜಾಗಕ್ಕೆ ಸಂಬಳದ ದಳ ಬಂತು. ಎಷ್ಟು ಜನ ಗೊತ್ತಾ? 13 ಮುಖ್ಯ ಅಧಿಕಾರಿಗಳು, 552 ಅಧಿಕಾರಿ ಮತ್ತು ಫೈರ್‌ಮನ್‌ಗಳು. ನಿಮ್ಮ ಪ್ರಶ್ನೆಯ 'ಉಳಿದವರೆಲ್ಲ' ಮನೆಗೆ ಹೋದದ್ದು ಇಲ್ಲಿಯೇ. ಒಂದು ಸ್ಟೀಮ್ ಗಾಡಿಗೆ ಹನ್ನೆರಡು ಜನ ಸಾಕು. ಇಬ್ಬರು ಅಧಿಕಾರಿಗಳು, ಒಬ್ಬ ಇಂಜಿನಿಯರ್, ಒಬ್ಬ ಕಲ್ಲಿದ್ದಲು ಹಾಕೋನು, ಒಬ್ಬ ಕುದುರೆ ಹೊಡೆಯೋನು, ಮಿಕ್ಕವರು ಪೈಪು ಹಿಡಿಯೋರು. ಆದರೆ ಈ ಹನ್ನೆರಡು ಜನರ ಪಾಡು ಕೇಳಬೇಡಿ. ಹಗಲು ರಾತ್ರಿ ಸ್ಟೇಷನ್ನಿನಲ್ಲೇ ವಾಸ. ದಿನಕ್ಕೆ ಊಟಕ್ಕೆ ಅಂತ ಮೂರು ಗಂಟೆ ಬಿಡುವು. ತಿಂಗಳಿಗೆ ಒಂದೇ ದಿನ ರಜ! ಪಾಳಿ ಪದ್ಧತಿ ಪೂರ್ತಿಯಾಗಿ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಸಿಬ್ಬಂದಿ ಲೆಕ್ಕ ನೋಡುವಾಗ ಇದನ್ನು ಮರೆಯಬೇಡಿ. ಪಟ್ಟಿಯಲ್ಲಿ 552 ಅಂದರೆ ಆಗ ಹೆಚ್ಚುಕಡಿಮೆ ಅಷ್ಟೂ ಜನ ಕೆಲಸದ ಮೇಲೆಯೇ ಇದ್ದರು. ಈಗ ಪಾಳಿ ಇರೋದರಿಂದ ಪಟ್ಟಿಯಲ್ಲಿರೋರಲ್ಲಿ ಒಂದು ಭಾಗ ಮಾತ್ರ ಯಾವುದೇ ಹೊತ್ತಿನಲ್ಲಿ ಸ್ಟೇಷನ್ನಿನಲ್ಲಿರುತ್ತಾರೆ.

ನನಗೆ ತುಂಬಾ ಇಷ್ಟವಾದ ಗಾಡಿ ಈ ಕುದುರೆ ಎಳೆಯುವ ಸ್ಟೀಮರ್. ನಿಕಲ್ ಬಳಿದ ಬಾಯ್ಲರ್ ನಿಲುವುಗಂಬದ ಹಾಗೆ ಹಿಂದೆ ನಿಂತಿರುತ್ತದೆ. ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಇನ್ನೊಂದು ಬಾಯ್ಲರ್ ಸದಾ ಉರಿಯುತ್ತಿತ್ತು. ಅದರ ಬಿಸಿನೀರು ಕೊಳವೆಯಲ್ಲಿ ಗಾಡಿಯ ಬಾಯ್ಲರಿಗೆ ಹರಿಯುತ್ತಿತ್ತು. ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೇ ಸ್ಟೀಮ್ ಏರಲಿ ಅಂತ ಈ ಏರ್ಪಾಡು. ಗಂಟೆ ಹೊಡೆದ ಕೂಡಲೇ ಲಾಯದ ಬಾಗಿಲು ತೆರೆದುಕೊಳ್ಳೋದು. ಕುದುರೆಗಳು ತಾವೇ ನಡೆದು ಬಂದು ಗಾಡಿಯ ಮುಂದೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲೋವು. ಜೀನು, ಪಟ್ಟಿ ಎಲ್ಲ ಮೇಲಿನ ತೊಲೆಯಿಂದ ತೂಗುತ್ತಿರುತ್ತಿತ್ತು. ಹಗ್ಗ ಎಳೆದರೆ ನೇರ ಬೆನ್ನ ಮೇಲೆ ಇಳಿಯೋದು, ಕೊರಳಪಟ್ಟಿಯ ಚಿಲಕ ಟಕ್ ಅಂತ ಹಾಕಿದರೆ ಮುಗಿಯಿತು. ನಮ್ಮ ಜಟಕಾದವರು ಇದನ್ನು ನೋಡಿದ್ದರೆ ಬೆರಳು ಕಚ್ಚಿಕೊಳ್ಳುತ್ತಿದ್ದರು. ಆ ಕುದುರೆಗಳನ್ನೂ ಸಿಬ್ಬಂದಿ ಲೆಕ್ಕಕ್ಕೆ ಸೇರಿಸಬೇಕು ಅಲ್ವಾ? ಅವಕ್ಕೆ ಮೇವು, ಲಾಳ, ವೈದ್ಯರು, ತರಬೇತಿ ಎಲ್ಲ ಇತ್ತು.

1909ರಲ್ಲಿ ಮೊದಲ ಮೋಟಾರು ಗಾಡಿ ಬಂತು. 1922ರ ಡಿಸೆಂಬರ್ 20ರಂದು ಬ್ರೂಕ್ಲಿನ್ನಿನ 205ನೇ ಇಂಜಿನ್ ಕಂಪನಿಯ ಕುದುರೆಗಳು ಕೊನೆಯ ಸಲ ಓಡಿದವು. ಅಲ್ಲಿಗೆ ಕುದುರೆ ಕಾಲ ಮುಗಿಯಿತು.

ಇದರ ನಡುವೆ 1911ರ ಮಾರ್ಚ್ 25. ಟ್ರಯಾಂಗಲ್ ಷರ್ಟ್ ಕಾರ್ಖಾನೆಯಲ್ಲಿ ಬೆಂಕಿ. ಹತ್ತು ಮಹಡಿಯ ಕಟ್ಟಡದಲ್ಲಿ ಬೆಂಕಿ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಗಳಲ್ಲಿ. ದಳ ಬೇಗನೇ ಬಂತು. ಆದರೆ ಏಣಿ ಮುಟ್ಟಿದ್ದು ಆರನೇ ಮಹಡಿವರೆಗೆ. ಮೇಲಿಂದ ಹಾರಿದವರ ಭಾರಕ್ಕೆ ಹಿಡಿದಿದ್ದ ಬಲೆಗಳು ಹರಿದವು. 146 ಜನ ಸತ್ತರು, ಹೆಚ್ಚಿನವರು ವಲಸೆ ಬಂದ ಹುಡುಗಿಯರು. ಅಲ್ಲಿ ಆಳಿಗೆ ಕೊರತೆ ಇರಲಿಲ್ಲ, ಸಲಕರಣೆ ಮೋಸ ಮಾಡಿತ್ತು. ಒಳಗೆ ಬಾಗಿಲಿಗೆ ಬೀಗ ಹಾಕಿದ್ದು ಬೇರೆ.

ಸಿಬ್ಬಂದಿ ಅಂದರೆ ಎಷ್ಟು ಜನ ಅನ್ನೋದರ ಜೊತೆಗೆ ಯಾರು ಅನ್ನೋದೂ ಬರುತ್ತದೆ. 1919ರಲ್ಲಿ ವೆಸ್ಲಿ ವಿಲಿಯಮ್ಸ್ ಎಂಬ ಕಪ್ಪು ಯುವಕ 55ನೇ ಇಂಜಿನ್ ಕಂಪನಿಗೆ ಸೇರಿದ ದಿನವೇ ಅಲ್ಲಿನ ಕ್ಯಾಪ್ಟನ್ ನಿವೃತ್ತಿ ತೆಗೆದುಕೊಂಡ. ಉಳಿದವರೂ ವರ್ಗ ಕೇಳಿದರು. ವಿಲಿಯಮ್ಸ್ ಅಲ್ಲಿಯೇ ಉಳಿದು 1927ರಲ್ಲಿ ಲೆಫ್ಟಿನೆಂಟ್ ಆದ, 1938ರಲ್ಲಿ ಬೆಟಾಲಿಯನ್ ಚೀಫ್ ಆದ. ಹೆಂಗಸರಿಗೆ ಬಾಗಿಲು ತೆರೆದದ್ದು 1982ರಲ್ಲಿ, ಬ್ರೆಂಡಾ ಬರ್ಕ್‌ಮನ್ ಕೋರ್ಟಿಗೆ ಹೋಗಿ ಗೆದ್ದ ಮೇಲೆ.

ಯಂತ್ರದ ಹುಚ್ಚು ತುದಿ ಮುಟ್ಟಿದ್ದು 1965ರಲ್ಲಿ. ಮ್ಯಾಕ್ ಕಂಪನಿಯ 'ಸೂಪರ್ ಪಂಪರ್'. ಹಡಗು ವಿನ್ಯಾಸ ಮಾಡುತ್ತಿದ್ದ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಇದರ ಹಿಂದೆ ಇದ್ದವರು. ಒಳಗೆ 2,400 ಅಶ್ವಶಕ್ತಿಯ ನೇಪಿಯರ್ ಡೆಲ್ಟಿಕ್ ಡೀಸೆಲ್ ಇಂಜಿನ್, ಬ್ರಿಟಿಷ್ ರೈಲು, ಯುದ್ಧದ ದೋಣಿಗಳಿಗೆ ಹಾಕುತ್ತಿದ್ದದ್ದು. ನಿಮಿಷಕ್ಕೆ 8,800 ಗ್ಯಾಲನ್, ಅಂದರೆ 33 ಸಾವಿರ ಲೀಟರ್ ನೀರು. ಬೆಂಗಳೂರಿನ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಿಮಿಷಕ್ಕೆ ಐದು ಟ್ಯಾಂಕರ್ ಖಾಲಿ! ನಡೆಸೋಕೆ ಬೆರಳೆಣಿಕೆ ಜನ ಸಾಕು. 1982ರವರೆಗೆ ಕೆಲಸ ಮಾಡಿತು.

ಇಂಥ ಯಂತ್ರ ಬಂದ ಮೇಲೂ ಐದು ಜನ ಯಾಕೆ, ಎರಡು ಜನ ಸಾಲದಾ ಅಂತ ನೀವು ಕೇಳಬಹುದು. ಪಂಪ್ ಮಾಡೋದು ಯಂತ್ರ, ನಿಜ. ಆದರೆ ಮೆಟ್ಟಿಲು ಹತ್ತೋದು ಜನ. ಎರಡೂವರೆ ಇಂಚಿನ ಪೈಪು ಹದಿನೈದು ಮೀಟರ್ ಇದ್ದರೆ ಅದರೊಳಗಿನ ನೀರೇ ಸುಮಾರು 48 ಕೆ.ಜಿ. ಅದನ್ನು ಹೊಗೆಯಲ್ಲಿ ತಿರುವು ತಿರುವು ಮೆಟ್ಟಿಲ ಮೇಲೆ ಎಳೆಯಬೇಕು. ಅದಕ್ಕೇ ಇವತ್ತಿಗೂ ಅಲ್ಲಿ ಇಂಜಿನ್ ಗಾಡಿಗೆ ಒಬ್ಬ ಅಧಿಕಾರಿ, ನಾಲ್ಕು ಜನ. ಏಣಿ ಗಾಡಿಗೆ ಅಧಿಕಾರಿ ಬಿಟ್ಟು ಐದು ಜನ. ಇಂಜಿನ್ ಗಾಡಿಗೂ ಅಧಿಕಾರಿ ಬಿಟ್ಟು ಐದನೆಯವನು ಬೇಕೋ ಬೇಡವೋ ಅಂತ ಯೂನಿಯನ್ನಿಗೂ ನಗರಕ್ಕೂ ವರ್ಷಗಟ್ಟಲೆ ಜಗಳ. ಯೂನಿಯನ್ ಹೇಳೋದೇ ಸರಿ ಅನ್ನಿಸುತ್ತದೆ ನನಗೆ. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದಾಗ ನೂರಾರು ಫೈರ್‌ಮನ್‌ಗಳನ್ನು ಮನೆಗೆ ಕಳಿಸಿದರು, ಸ್ಟೇಷನ್‌ಗಳನ್ನು ಮುಚ್ಚಿದರು. ಅದೇ ವರ್ಷಗಳಲ್ಲಿ ಬ್ರಾಂಕ್ಸ್‌ನಲ್ಲಿ ಬೀದಿಗೆ ಬೀದಿಯೇ ಸುಟ್ಟುಹೋಗುತ್ತಿತ್ತು.

ಹಳೇ ಗಾಡಿ ಅಂತ ಕೇಳಿದಿರಲ್ಲ, ಒಂದು ಬೋಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಜಾನ್ ಜೆ. ಹಾರ್ವಿ, 1931ರ ಫೈರ್ ಬೋಟ್. ನಿಮಿಷಕ್ಕೆ 60 ಸಾವಿರ ಲೀಟರ್ ಎಸೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ನಿವೃತ್ತಿ ಮಾಡಿ ಹರಾಜಿಗೆ ಹಾಕಿದರು. 1999ರಲ್ಲಿ ಕೆಲವು ಹವ್ಯಾಸಿಗಳು ಸೇರಿ ಕೊಂಡುಕೊಂಡರು, ಗುಜರಿಗೆ ಹೋಗೋದು ತಪ್ಪಿತು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರ ಬಿದ್ದಾಗ ನೆಲದಡಿಯ ನೀರಿನ ಪೈಪುಗಳು ಒಡೆದು ಹೈಡ್ರಂಟುಗಳು ಒಣಗಿದವು. ದಳದ 343 ಜನ ಆ ದಿನ ಸತ್ತರು. ಹಾರ್ವಿಯ ಹವ್ಯಾಸಿಗಳು ಮೊದಲು ಜನರನ್ನು ದಾಟಿಸಿದರು, ಆಮೇಲೆ ದಳದವರು ನೀರು ಕೊಡಿ ಅಂದರು. ಎಪ್ಪತ್ತು ವರ್ಷದ ಬೋಟು ದಳದ ಬೋಟುಗಳ ಜೊತೆ ನಿಂತು ಹಡ್ಸನ್ ನದಿಯಿಂದ ಸುಮಾರು 80 ಗಂಟೆ ನೀರು ಎತ್ತಿತು. ನಡೆಸಿದವರಿಗೆ ಸಂಬಳವಿಲ್ಲ, 1737ರ ಆ ಮೂವತ್ತು ಜನರ ಹಾಗೆಯೇ.

ಬೇಸಿಗೆಯಲ್ಲಿ ಅದರಲ್ಲಿ ಜನರನ್ನು ಪುಕ್ಕಟೆಯಾಗಿ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದರು. ನಾವೂ ಹೋಗಿದ್ದೆವು. ನಡುನದಿಯಲ್ಲಿ ನೀರಿನ ತೋಪು ಬಿಟ್ಟರು, ಗಾಳಿ ನಮ್ಮ ಕಡೆಗೇ ತಿರುಗಿತು. ಮಗ ತೊಯ್ದು ತೊಪ್ಪೆಯಾಗಿ ದಡಕ್ಕೆ ಇಳಿದವನು ಆ ದಿನ ಐಸ್‌ಕ್ರೀಮ್ ಕೇಳಲಿಲ್ಲ.