ವಲಸಿಗರು ಬಂದರೆ ಸ್ಥಳೀಯರ ಕೂಲಿ ಇಳಿಯುತ್ತದೆಯೇ?

ವಲಸಿಗರು ಒಮ್ಮೆಲೇ ಬಂದರೆ ಸ್ಥಳೀಯರ ಕೂಲಿ ಕುಸಿಯಲೇಬೇಕಲ್ಲವೇ ಎಂದು ಕೇಳಿದ್ದೀರಿ. ಕುಸಿಯಲೇಬೇಕೆಂದಿಲ್ಲ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಹಲವರು ನೆಲೆಸಿದ ಮಯಾಮಿ ನಗರದಲ್ಲಿ ಕೆಲವೇ ತಿಂಗಳಲ್ಲಿ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿದಾಗ ಸ್ಥಳೀಯರ ಕೂಲಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹೊಸಬರು ದುಡಿಯುವುದಷ್ಟೇ ಅಲ್ಲ, ಬಾಡಿಗೆ ಕಟ್ಟುತ್ತಾರೆ, ದಿನಸಿ ಕೊಳ್ಳುತ್ತಾರೆ. ಅದರಿಂದಲೂ ಕೆಲಸ ಹುಟ್ಟುತ್ತದೆ.

ಆದರೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಮಯಾಮಿಯಲ್ಲಿ ಹೈಸ್ಕೂಲ್ ಮುಗಿಸದ ಗಂಡಸರನ್ನಷ್ಟೇ ಬೇರ್ಪಡಿಸಿ ನೋಡಿ, ಅವರ ಕೂಲಿ ಶೇ. 10ರಿಂದ 30ರಷ್ಟು ಬಿದ್ದಿತ್ತೆಂದರು. ಅವರು ಲೆಕ್ಕಕ್ಕೆ ತೆಗೆದುಕೊಂಡ ಜನರ ಗುಂಪು ತೀರಾ ಚಿಕ್ಕದು ಎಂಬ ಆಕ್ಷೇಪ ನನಗೂ ಸರಿಯೆನಿಸುತ್ತದೆ. ಹಾಗೆಂದು ಸರಾಸರಿಯನ್ನಷ್ಟೇ ನಂಬಬೇಡಿ: ಪೆಟ್ಟು ಬಿದ್ದರೆ ಮೊದಲು ಬೀಳುವುದು ಅದೇ ಕೆಲಸದಲ್ಲಿರುವ ಹಿಂದಿನ ವಲಸಿಗರ ಮೇಲೆ.